ಹಳೇ ಕ್ಯಾಂಪರ್ ಪಿಕಪ್ಪಿನಲ್ಲಿ ನಾಯಿ ಸಮೇತ ಕ್ಯಾಂಪಿಂಗ್: ಹಿಂದಿನ ಬಾಡಿ ಹೇಗೆ ರೆಡಿ ಮಾಡುದು?

ನೀರ್ಚಾಲಿನವ
ಎಲ್ಲರಿಗೂ ನಮಸ್ಕಾರ. ಅಪ್ಪ 2008ರಲ್ಲಿ ತೆಗೆದ ಬೊಲೇರೋ ಕ್ಯಾಂಪರ್ ಒಂದು ಮನೆಯಲ್ಲುಂಟು, ಡಬಲ್ ಕ್ಯಾಬ್, ಕಾಸರಗೋಡಿನ ಕೆಎಲ್ 14 ನಂಬ್ರ, ಹಳದಿ ಬೋರ್ಡು. ಇಷ್ಟು ವರ್ಷ ಅಡಿಕೆ, ಹಿಂಡಿ, ಗೊಬ್ಬರ, ಮೈಲುತುತ್ತು ಎಲ್ಲ ಅದರಲ್ಲೇ ಬಂದದ್ದು. ಈಗ ತೋಟಕ್ಕೆ ಬೇರೆ ಸಣ್ಣ ಗಾಡಿ ಬಂತು, ಇದು ಹಟ್ಟಿ ಪಕ್ಕ ಸುಮ್ಮನೆ ನಿಂತಿದೆ. ಇಂಜಿನ್ ಗಟ್ಟಿ ಉಂಟು, ಮಾರ್ಲಿಕ್ಕೆ ಅಪ್ಪನಿಗೆ ಮನಸ್ಸಿಲ್ಲ. ನನಗೂ ಹೆಂಡತಿಗೂ ಶನಿವಾರ ಆದಿತ್ಯವಾರ ಇದರಲ್ಲಿ ಎಲ್ಲಿಗಾದ್ರೂ ಹೋಗಿ ಅದರಲ್ಲೇ ಮಲಗಿ ಬರುವಾ ಅಂತ ಆಸೆ. ನಾಯಿಯನ್ನು ಬಿಟ್ಟು ಹೋಗುವ ಹಾಗಿಲ್ಲ. ಬೊಳ್ಳು ಅಂತ ಹೆಸರು, ಊರ ನಾಯಿ, ಇಪ್ಪತ್ತು ಕೆಜಿ ಇರಬಹುದು, ನಾವು ರಾತ್ರಿ ಮನೆಗೆ ಬಾರದಿದ್ರೆ ಊಟ ಮುಟ್ಟುದಿಲ್ಲ.

ವಿಷಯ ಎಂತ ಅಂದ್ರೆ, ಹಿಂದಿನ ಬಾಡಿ ಅಳತೆ ಮಾಡಿದೆ, ಉದ್ದ ನಾಲ್ಕೂಮುಕ್ಕಾಲು ಅಡಿ. ನಾನು ಆರಡಿಗೆ ಹತ್ರ. ವರ್ಕ್‌ಶಾಪಿನವರು ಮೇಲೆ ಅಲ್ಯೂಮಿನಿಯಂ ಶೀಟಿನ ಪರ್ಮನೆಂಟ್ ಬಾಕ್ಸ್ ಕೂರಿಸಿ, ಕಿಟಕಿ ಇಟ್ಟು, ಒಳಗೆ ಪ್ಲೈವುಡ್ ಹೊಡೆದು ಕೊಡ್ತೇವೆ ಅಂತಾರೆ. ನಾಯಿ ಹಿಂದೆ ಕೂರುದಾ ಕ್ಯಾಬಿನಲ್ಲಾ? ಕರೆಂಟಿಗೆ ಎಂತ ಮಾಡುದು? ಮತ್ತೆ ಆರ್‌ಟಿಒ ತಕರಾರು ಬರ್ತದಾ? ಮಾಡಿದವರು ಇದ್ರೆ ಹೇಳಿ.

ಕುಂಬಳೆ ಕಡಲು
ಫೋಟೋ ಹಾಕಿ ಮಾರ್ರೆ. ಗಾಡಿಯದ್ದಲ್ಲ, ನಾಯಿಯದ್ದು.

ಎಪ್ಪತ್ತರ ಮಾವ
ಮನೆಯಲ್ಲಿ ಮಂಚ ಇಲ್ಲವಾ? ನಾವೆಲ್ಲ ಅಡಿಕೆ ಅಂಗಳ ಕಾಯ್ಲಿಕ್ಕೆ ಅಂತ ಹೊರಗೆ ಮಲಗಿದ್ದು, ಅದಕ್ಕೆ ಕ್ಯಾಂಪಿಂಗ್ ಅಂತ ಯಾರೂ ದುಡ್ಡು ಖರ್ಚು ಮಾಡಿರ್ಲಿಲ್ಲ.

ಕಾಗದ ಪತ್ರ
ಪರ್ಮನೆಂಟ್ ಬಾಕ್ಸ್ ಅಂದ್ರಲ್ಲ, ಅಲ್ಲೇ ನಿಲ್ಲಿಸಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಓದಿ. ಆರ್‌ಸಿಯಲ್ಲಿ ಇರುವ ವಿವರ, ಕಂಪನಿ ಮೂಲದಲ್ಲಿ ಕೊಟ್ಟ ಅಳತೆ, ಇದಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. ಇದು ಸುಮ್ಮನೆ ಪುಸ್ತಕದಲ್ಲಿ ಇರುವ ನಿಯಮ ಅಲ್ಲ. ನಮ್ಮ ಕೇರಳದ್ದೇ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 2019ರ ಜನವರಿಯಲ್ಲಿ ತೀರ್ಪು ಬಂತು, ಹೈಕೋರ್ಟು ಸ್ವಲ್ಪ ಸಡಿಲ ಬಿಟ್ಟಿದ್ದನ್ನು ಅವರು ತೆಗೆದು ಹಾಕಿದ್ರು. 2021ರ ಆಗಸ್ಟಿನಲ್ಲಿ ಕಣ್ಣೂರಿನಲ್ಲಿ ವ್ಲಾಗರ್ ಅಣ್ಣತಮ್ಮಂದಿರ ರೂಪ ಬದಲಿಸಿದ ವ್ಯಾನು ಇಲಾಖೆಯವರು ಹಿಡಿದದ್ದು ಎಲ್ಲ ಪೇಪರಿನಲ್ಲೂ ಬಂದಿತ್ತು, ನೆನಪಿರಬಹುದು.

ಹಾಗಂತ ಹೆದರಿ ಕೂರಬೇಕಾಗಿಲ್ಲ. ಗೂಡ್ಸ್ ಗಾಡಿಗೆ ಪೈಪಿನ ಕಮಾನು ಹಾಕಿ ಟರ್ಪಾಲು ಕಟ್ಟುದು ಊರೆಲ್ಲ ನಡೀತದೆ. ಬಿಚ್ಚಿ ಇಡ್ಲಿಕ್ಕೆ ಆಗುವ ಮಂಚ, ಪೆಟ್ಟಿಗೆ, ಸ್ಟವ್ ಇದೆಲ್ಲ ಲೋಡು, ಗಾಡಿಯ ಭಾಗ ಅಲ್ಲ. ವೆಲ್ಡಿಂಗ್ ಬೇಡ, ಕಟಿಂಗ್ ಬೇಡ, ಹಗ್ಗ ಬಿಚ್ಚಿದ್ರೆ ಮೊದಲಿನ ಹಾಗೆ ಆಗಬೇಕು. ನಿಮ್ಮ ಗಾಡಿಗೆ ಎಂಟು ವರ್ಷ ಯಾವಾಗಲೋ ದಾಟಿದೆ, ಪ್ರತಿ ವರ್ಷ ಫಿಟ್‌ನೆಸ್ ಉಂಟು, ಆ ದಿವಸ ಬಾಕ್ಸ್ ಎಲ್ಲಿ ಅಡಗಿಸ್ತೀರಿ?

ಇನ್ನೊಂದು. ಗಾಡಿ ಓಡುವಾಗ ಹಿಂದಿನ ಬಾಡಿಯಲ್ಲಿ ಮನುಷ್ಯರು ಕೂರುವ ಹಾಗಿಲ್ಲ. ಗೂಡ್ಸ್ ಗಾಡಿಯಲ್ಲಿ ಬಿಟ್ಟಿ ಹೋದವರಿಗೆ ಇನ್ಶೂರೆನ್ಸ್ ಕಂಪನಿ ಹೊಣೆ ಅಲ್ಲ ಅಂತ 2002ರಲ್ಲೇ ಸುಪ್ರೀಂ ಕೋರ್ಟು ಹೇಳಿ ಆಗಿದೆ. ನಿಲ್ಲಿಸಿದ ಮೇಲೆ ಮಲಗಿ, ಯಾರು ಬೇಡ ಅಂತಾರೆ.

ಪೆರ್ಲ ಪಿಸ್ಟನ್
@ಕಾಗದ ಪತ್ರ, ನಮ್ಮ ಊರಲ್ಲಿ ಮೀನಿನ ಪಿಕಪ್ಪಿಗೆಲ್ಲ ಬಾಕ್ಸ್ ಉಂಟಲ್ಲ, ಅವರಿಗೆ ಇಲ್ಲದ ಕಾನೂನು ಇವರಿಗೆ ಯಾಕೆ?

ಕಾಗದ ಪತ್ರ
ಅವರ ಆರ್‌ಸಿಯಲ್ಲಿ ಬಾಡಿ ಟೈಪ್ ಎಂತ ಅಂತ ಬರೆದಿದೆ ನೋಡಿ ಬನ್ನಿ, ಮತ್ತೆ ಮಾತಾಡುವಾ.

ಪ್ಲೇಟು ಭಾವ
ನಾನು ಮೆಕ್ಯಾನಿಕ್ ಅಲ್ಲ, ಆದ್ರೆ ಕ್ಯಾಂಪರ್ ಓಡಿಸಿ ಓಡಿಸಿ ಸೊಂಟ ಹೋದವ. ಹಿಂದಿನ ಪ್ಲೇಟ್ ಸೆಟ್ಟು, ಅಂದ್ರೆ ಲೀಫ್ ಸ್ಪ್ರಿಂಗು, ಒಂದು ಟನ್ ಲೋಡಿಗೆ ಅಂತ ಮಾಡಿದ್ದು. ಖಾಲಿ ಹೋದ್ರೆ ಹೊಂಡಕ್ಕೆ ಬಿದ್ದಾಗ ಹಿಂದೆ ಇರುವ ಎಲ್ಲವೂ ಒಂದು ಅಡಿ ಮೇಲೆ ಹಾರಿ ಬೀಳ್ತದೆ. ನಾಯಿಯನ್ನು ಅಲ್ಲಿ ಕಟ್ಟಿದ್ರೆ ಬದಿಯಡ್ಕ ತಲುಪುವಾಗ ಅದು ನಿಮ್ಮ ಮುಖ ನೋಡ್ಲಿಕ್ಕಿಲ್ಲ. ಎರಡು ಪ್ಲೇಟು ತೆಗೆಸಿಬಿಡಿ, ಕಾರಿನ ಹಾಗೆ ಹೋಗ್ತದೆ.

ಗ್ರೀಸ್ ಗನ್
ಎರಡು ಪ್ಲೇಟು ತೆಗೆಸಿ ಅಂತ ಇಷ್ಟು ಸುಲಭದಲ್ಲಿ ಹೇಳುದಾ? ನಾಳೆ ಯಾರೋ ಅರ್ಧ ಲೋಡು ಗೊಬ್ಬರ ಹಾಕಿಸಿದ್ರು ಅಂತ ಇಟ್ಟುಕೊಳ್ಳಿ, ಘಾಟಿ ತಿರುವಿನಲ್ಲಿ ಗಾಡಿ ಒಂದು ಬದಿಗೆ ಮಲಗ್ತದೆ, ಬ್ರೇಕ್ ಹೊಡೆದಾಗ ಆಕ್ಸಲ್ ತಿರುಚ್ತದೆ, ಮೈನ್ ಪ್ಲೇಟು ತುಂಡಾಗ್ತದೆ. ಮೊದಲು ಇಷ್ಟು ಮಾಡಿ: ಪ್ಲೇಟು ಬಿಚ್ಚಿಸಿ, ತುಕ್ಕು ಉಜ್ಜಿಸಿ, ಗ್ರಾಫೈಟ್ ಗ್ರೀಸ್ ಹಾಕಿಸಿ, ಶಾಕಲ್ ಬುಶ್ ಹೊಸದು ಹಾಕಿಸಿ. ಹದಿನೈದು ವರ್ಷ ದಾಟಿದ ಗಾಡಿಯಲ್ಲಿ ಪ್ಲೇಟುಗಳು ಒಂದಕ್ಕೊಂದು ತುಕ್ಕಿನಲ್ಲಿ ಅಂಟಿ ಒಂದೇ ತುಂಡಾಗಿರ್ತವೆ, ಅದಕ್ಕೇ ಅಷ್ಟು ಕುಟ್ಟುದು. ಆಮೇಲೆ ಹಿಂದಿನ ಟಯರಿನ ಗಾಳಿ ಖಾಲಿ ಗಾಡಿಗೆ ಎಷ್ಟು ಅಂತ ಮ್ಯಾನ್ಯುವಲ್ ನೋಡಿ ಅಷ್ಟಕ್ಕೆ ಇಳಿಸಿ. ಹೆಚ್ಚಿನವರು ಲೋಡಿನ ಗಾಳಿಯಲ್ಲೇ ವರ್ಷ ಇಡೀ ಓಡಿಸ್ತಾರೆ. ನೀರಿನ ಕ್ಯಾನು, ಬ್ಯಾಟರಿ, ಸಾಮಾನಿನ ಪೆಟ್ಟಿಗೆ ಎಲ್ಲ ಆಕ್ಸಲಿನ ಎದುರು ಬದಿ, ಕ್ಯಾಬಿನಿಗೆ ತಾಗಿಸಿ ಇಟ್ರೆ ಅರ್ಧ ಕುಲುಕು ಅಲ್ಲೇ ಕಮ್ಮಿ.

ಪ್ಲೇಟು ಭಾವ
ನಾನು ತೆಗೆಸಿ ನಾಲ್ಕು ವರ್ಷ ಆಯ್ತು, ಎಂತದೂ ಆಗ್ಲಿಲ್ಲ.

ಗ್ರೀಸ್ ಗನ್
ಆಗುವವರೆಗೆ ಯಾರಿಗೂ ಎಂತದೂ ಆಗುದಿಲ್ಲ ಭಾವ.

ಡಾಕ್ಟ್ರಕ್ಕ
ನಾನು ಹಸು ನಾಯಿ ನೋಡುವ ಡಾಕ್ಟರು. ಎಲ್ಲರೂ ಬಾಕ್ಸ್, ಪ್ಲೇಟು ಅಂತ ಜಗಳ ಮಾಡ್ತಾ ಇದ್ದೀರಿ, ಮೊದಲನೇ ಪೋಸ್ಟಿನಲ್ಲಿ ಒಂದು ಪದ ಯಾರೂ ಗಮನಿಸಿದ ಹಾಗೆ ಕಾಣುದಿಲ್ಲ. ಮೈಲುತುತ್ತು ತಂದ ಗಾಡಿ ಅಂತ ಬರೆದಿದ್ದಾರೆ. ಅದು ತಾಮ್ರದ ಸಲ್ಫೇಟ್. ಚೀಲ ಹರಿದು ಉದುರಿದ್ದು, ದ್ರಾವಣದ ಡ್ರಮ್ಮಿನಿಂದ ತುಳುಕಿದ್ದು ಬಾಡಿಯ ತಗಡಿನ ಗೆರೆಗೆರೆಗಳ ಮಧ್ಯ ವರ್ಷಗಟ್ಟಲೆ ಕೂತಿರ್ತದೆ. ನಾಯಿ ಅಲ್ಲಿ ಮಲಗಿ ಎದ್ದು ಕಾಲು ನೆಕ್ಕಿದ್ರೆ ಅದು ಸೀದಾ ಹೊಟ್ಟೆಗೆ. ಸ್ವಲ್ಪ ಹೋದ್ರೆ ವಾಂತಿ, ಹೆಚ್ಚು ಹೋದ್ರೆ ಲಿವರಿಗೆ ಪೆಟ್ಟು. ನೀಲಿ ಹಸಿರು ಬಣ್ಣದ ವಾಂತಿ ಕಂಡ್ರೆ ಮನೆಮದ್ದು ಮಾಡ್ತಾ ಕೂರಬೇಡಿ. ತೋಟದ ಗಾಡಿಯಲ್ಲಿ ಇಲಿ ಪಾಷಾಣದ ಪ್ಯಾಕೆಟ್ಟು ಸೀಟಿನಡಿ ಸಿಕ್ಕುದೂ ಉಂಟು. ಸೀಟು ಕಳಚಿ ನೋಡಿ.

ತೊಳೆಯುದು ಹೇಗೆ ಅಂದ್ರೆ, ಮೊದಲು ಒಣಗಿದ್ದನ್ನು ಮಾಸ್ಕ್ ಹಾಕಿ ಕೆರೆದು ತೆಗೀರಿ. ಮೈಲುತುತ್ತಿಗೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬರೀ ನೀರಿಗೆ ಸುಲಭದಲ್ಲಿ ಬಿಡುದಿಲ್ಲ, ಹುಳಿ ತಾಗಿದ್ರೆ ಕರಗ್ತದೆ, ವಿನೆಗರ್ ಸಾಕು. ಆಮೇಲೆ ಸೋಪು, ಬೇಕಾದಷ್ಟು ನೀರು. ಆ ನೀರು ಬಾವಿ ಕಡೆಗೂ ಮೀನಿರುವ ಕೆರೆ ಕಡೆಗೂ ಹೋಗದ ಹಾಗೆ ನೋಡಿಕೊಳ್ಳಿ, ಮೀನಿಗೆ ತಾಮ್ರ ದೊಡ್ಡ ವಿಷ.

ಅಡಿಕೆ ಸೋಗೆ
ಡಾಕ್ಟ್ರಕ್ಕ ಹೇಳಿದ್ದು ನೂರಕ್ಕೆ ನೂರು. ಇನ್ನೊಂದು ಸೇರಿಸ್ತೇನೆ, ಅದು ನಾಯಿಗೆ ಮಾತ್ರ ಅಲ್ಲ, ಗಾಡಿಗೂ ಆಗುದಿಲ್ಲ. ಬೋರ್ಡೋ ಮಾಡುವಾಗ ನಾವು ಎಂತ ಮಾಡ್ತೇವೆ? ಉಜ್ಜಿದ ಕತ್ತಿ ದ್ರಾವಣಕ್ಕೆ ಅದ್ದಿ ನೋಡುದು, ಕಬ್ಬಿಣದ ಮೇಲೆ ಕೆಂಪು ಹತ್ತಿದ್ರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ತಾಮ್ರ. ಅಂದ್ರೆ ಅಷ್ಟು ಕಬ್ಬಿಣ ಕರಗಿ ಹೋಯ್ತು ಅಂತ ಅರ್ಥ. ಅದೇ ಕೆಲಸ ಬಾಡಿಯ ಅಡಿಯಲ್ಲಿ ಪ್ರತಿ ಆಟಿ ತಿಂಗಳ ಮಳೆಯಲ್ಲಿ ನಡೆದಿರ್ತದೆ. ಒಂದು ಸ್ಕ್ರೂಡ್ರೈವರ್ ತಕ್ಕೊಂಡು ಬಾಡಿ ತಳದ ಮೂಲೆಗಳಲ್ಲಿ, ಚಕ್ರದ ಮೇಲಿನ ಉಬ್ಬಿನ ಬುಡದಲ್ಲಿ ಕುತ್ತಿ ನೋಡಿ. ಒಳಗೆ ಹೋದ್ರೆ ಮಂಚದ ಚಿಂತೆ ಆಮೇಲೆ, ಮೊದಲು ಪ್ಯಾಚ್ ಕೆಲಸ.

ಉಪ್ಪಳ ಎಕ್ಸ್‌ಪ್ರೆಸ್
ತೋಟದ ಗಾಡಿ ಎಷ್ಟೋ ವಾಸಿ. ಸೆಕೆಂಡ್‌ಹ್ಯಾಂಡ್ ನೋಡ್ತಾ ಇರುವವರಿಗೆ ಹೇಳುದು, ಮೀನಿನ ಪಿಕಪ್ ಮಾತ್ರ ತೆಗೀಬೇಡಿ. ಐಸು ಕರಗಿದ ಉಪ್ಪುನೀರು ಚಾಸಿಸ್ ಒಳಗೆ ಇಳಿದು ಇಳಿದು ಮೇಲೆ ಪೈಂಟು ಫಳಫಳ, ಕೆಳಗೆ ಬಿಸ್ಕೆಟು. ಮತ್ತೆ ಆ ವಾಸನೆಗೆ ಊರಿನ ಬೆಕ್ಕುಗಳೆಲ್ಲ ನಿಮ್ಮ ಕ್ಯಾಂಪಿಗೆ ಬರ್ತವೆ.

ಕುಂಬಳೆ ಕಡಲು
ನಾಯಿಗೆ ಆ ವಾಸನೆ ಪ್ಲಸ್ ಪಾಯಿಂಟ್ ಅಲ್ವಾ.

ನೀರ್ಚಾಲಿನವ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸೀಟು ಕಳಚಿದೆ. ಇಲಿ ಪಾಷಾಣ ಇರ್ಲಿಲ್ಲ, ಆದ್ರೆ ಒಂದು ಮೂಲೆಯಲ್ಲಿ ನೀಲಿ ಹರಳು ಒಂದು ಮುಷ್ಟಿ ಸಿಕ್ಕಿತು, ಗಾಜಿನ ಹಾಗೆ ಹೊಳೀತಾ ಇತ್ತು. ಬೊಳ್ಳು ಪಕ್ಕದಲ್ಲೇ ನಿಂತು ಮೂಸ್ತಾ ಇದ್ದ, ಕಟ್ಟಿ ಹಾಕಿ ಕೆಲಸ ಮಾಡಬೇಕಾಯ್ತು. ಬಾಕ್ಸ್ ಕ್ಯಾನ್ಸಲ್, ಟರ್ಪಾಲೇ ಮಾಡುದು. ಮಲಗುದು ಹೇಗೆ ಅಂತ ಯಾರೂ ಹೇಳ್ಲಿಲ್ಲ, ನಾಲ್ಕೂಮುಕ್ಕಾಲು ಅಡಿಯಲ್ಲಿ?

ಮರದ ಕೆಲಸ
ಹಿಂದಿನ ಡೋರು ಇಳಿಸಿದ್ರೆ ಇನ್ನೂ ಒಂದೂಕಾಲು ಒಂದೂವರೆ ಅಡಿ ಸಿಕ್ತದೆ, ಒಟ್ಟಿಗೆ ಆರು ದಾಟ್ತದೆ. ಆದ್ರೆ ಇಬ್ಬರು ಮಲಗಿದ ಭಾರ ಡೋರಿನ ಚೈನಿಗೂ ಹಿಂಜಿಗೂ ಬಿಡಬೇಡಿ, ಹಳೇ ಗಾಡಿ. ಡೋರಿನ ಅಡಿಗೆ ಜಿಐ ಪೈಪಿನ ಎರಡು ಮಡಚುವ ಕಾಲು ಕೊಡಿ, ನೆಲಕ್ಕೆ ಊರಬೇಕು.

ಪ್ಲೈವುಡ್ಡಿನ ಬಗ್ಗೆ: ಎಂಟು ನಾಲ್ಕರ 18 ಎಂಎಂ ಶೀಟು ಒಂದೇ ಸುಮಾರು ಮೂವತ್ತೈದು ಕೆಜಿ ಬರ್ತದೆ. 12 ಎಂಎಂ ಸಾಕು, ಕೆಳಗಿನಿಂದ ಒಂದೊಂದು ಅಡಿ ದೂರಕ್ಕೆ ಪಟ್ಟಿ ಕೊಟ್ರೆ ಬಗ್ಗುದಿಲ್ಲ. ನನ್ನ ಕೇಳಿದ್ರೆ ಪ್ಲೈವುಡ್ಡೇ ಬೇಡ. ನಮ್ಮಲ್ಲಿ ಅಡಿಕೆ ಮರದ ಸಲಾಕೆಗೆ ಬರಗಾಲ ಉಂಟಾ? ಹಳೇ ಮರ ಕಡಿದದ್ದು ಸೀಳಿ, ಒಳಗಿನ ತಿರುಳು ಕೆತ್ತಿ ತೆಗೆದು, ಒಣಗಿಸಿ, ಎರಡು ಅಡ್ಡಪಟ್ಟಿಗೆ ಬೋಲ್ಟು ಹೊಡೆದ್ರೆ ಮಂಚ. ಸಂದಿನಲ್ಲಿ ಗಾಳಿ ಆಡ್ತದೆ, ಹಾಸಿಗೆ ಅಡಿ ಒದ್ದೆ ಆಗುದಿಲ್ಲ, ಸುರುಳಿ ಸುತ್ತುವ ಹಾಗೆ ಹಗ್ಗದಲ್ಲಿ ನೇಯ್ದ್ರೂ ಆಗ್ತದೆ. ಅಂಚು ಮಾತ್ರ ಚೆನ್ನಾಗಿ ಉಜ್ಜಿ, ಆ ಸಿಬಿರು ಕೈಗೆ ಹೊಕ್ಕರೆ ಮೂರು ದಿವಸ ನೋವು. ನಾಯಿ ಪಾದಕ್ಕೆ ಹೊಕ್ಕರೆ ಕೇಳುದೇ ಬೇಡ.

ಎಪ್ಪತ್ತರ ಮಾವ
ಸಲಾಕೆ ಮಂಚ ಅಂದ್ರಲ್ಲ, ಈಗ ಸ್ವಲ್ಪ ಮನುಷ್ಯರ ಮಾತು ಬಂತು. ಬಲಿತ ಮರದ್ದೇ ತೆಗೀರಿ, ಎಳೆಯ ಮರಕ್ಕೆ ಕುಟ್ಟೆ ಹುಳ ಬೀಳ್ತದೆ.

ಹಾಲಿನ ಸೊಸೈಟಿ
ಬಾಡಿ ತಳಕ್ಕೆ ದನದ ರಬ್ಬರ್ ಮ್ಯಾಟು. ಹಟ್ಟಿಗೆ ಹಾಕುವದ್ದೇ. ಜಾರುದಿಲ್ಲ, ನೀರು ಹಾಕಿ ತೊಳೀಬಹುದು, ತಗಡಿನ ಬಿಸಿ ಮೇಲೆ ಬರುದಿಲ್ಲ, ನಾಯಿಯ ಉಗುರಿಗೂ ಹಿಡಿತ ಸಿಕ್ತದೆ. ಭಾರ ಉಂಟು, ಇಬ್ಬರು ಬೇಕು ಎತ್ತಲಿಕ್ಕೆ. ಹೊಸದಕ್ಕೆ ಒಂದು ವಾರ ವಾಸನೆ ಇರ್ತದೆ, ಬಿಸಿಲಿಗೆ ಹಾಕಿ ಆಮೇಲೆ ಹಾಸಿ.

ಗ್ರೀಸ್ ಗನ್
ಮ್ಯಾಟಿನ ಅಡಿ ನೀರು ನಿಂತ್ರೆ ಮತ್ತೆ ತುಕ್ಕು. ಬಾಡಿಯ ಡ್ರೈನ್ ತೂತುಗಳಲ್ಲಿ ಮಣ್ಣು ಕೂತಿರ್ತದೆ, ಕಂಬಿ ಹಾಕಿ ಬಿಡಿಸಿ.

ಟರ್ಪಾಲು ಟೈಲರ್
ಅಡಿಕೆ ಮುಚ್ಚುವ ತೆಳ್ಳಗಿನದ್ದು ಬೇಡ, ಗಾಳಿಗೆ ರಾತ್ರಿಯಿಡೀ ಪಟಪಟ ಅಂತ ಬಡೀತದೆ, ನಾಯಿ ಹೆದರಿ ನಿದ್ದೆ ಮಾಡ್ಲಿಕ್ಕಿಲ್ಲ. 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅಂತ ಲೆಕ್ಕ) ಮೇಲಿನದ್ದು ತೆಗೀರಿ. ಮುಖ್ಯ ವಿಷಯ, ನಾಲ್ಕೂ ಕಡೆ ಮುಚ್ಚಬೇಡಿ. ಇಬ್ಬರು ಮನುಷ್ಯರು ಒಂದು ನಾಯಿ ಉಸಿರು ಬಿಟ್ರೆ ಬೆಳಗಾಗುವಾಗ ಒಳಗಿನಿಂದಲೇ ಮಳೆ. ಎರಡೂ ಬದಿಯಲ್ಲಿ ಎದುರುಬದುರು ಒಂದೊಂದು ಕಿಟಕಿ ಕತ್ತರಿಸಿ ಸೊಳ್ಳೆ ಪರದೆ ಹೊಲಿಸಿ, ಮೇಲಿಂದ ಮುಚ್ಚಳ ಇಳಿಬಿಡಿ. ಕಮಾನು ಸ್ವಲ್ಪ ಎತ್ತರಕ್ಕೇ ಮಾಡಿ. ಚಪ್ಪಟೆ ಮಾಡಿದ್ರೆ ಮಧ್ಯದಲ್ಲಿ ನೀರು ತುಂಬಿ ಹೊಟ್ಟೆ ಬರ್ತದೆ. ನಮ್ಮ ಮಳೆ ಗೊತ್ತುಂಟಲ್ಲ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ರ ಬೀಳುವ ಜಿಲ್ಲೆ.

ಬಂದಡ್ಕ ಬೆಟ್ಟ
ನಾಯಿ ಎಲ್ಲಿ ಕೂರುದು ಅಂತ ಕೇಳಿದ್ದೀರಿ. ಹಿಂದೆ ಬಿಡಿ, ಗಾಳಿ ಕುಡೀತಾ ಬರ್ತದೆ, ಅವಕ್ಕೆ ಅದೇ ಖುಷಿ. ನಮ್ಮ ಟೈಗರ್ ಜೀಪಿನ ಹಿಂದೆಯೇ ಬೆಳೆದವ.

ಡಾಕ್ಟ್ರಕ್ಕ
ದಯವಿಟ್ಟು ಬೇಡ. ಕುತ್ತಿಗೆ ಬೆಲ್ಟಿಗೆ ಉದ್ದ ಹಗ್ಗ ಕಟ್ಟಿ ಬಿಟ್ಟ ನಾಯಿ ಡೋರಿನ ಮೇಲಿಂದ ಹಾರಿ ನೇತಾಡಿಕೊಂಡು ಬಂದದ್ದನ್ನು ನಾನು ಟೇಬಲ್ ಮೇಲೆ ನೋಡಿದ್ದೇನೆ. ಅದರ ಬಗ್ಗೆ ಇನ್ನು ಬರೆಯುದಿಲ್ಲ.

ಇನ್ನೊಂದು ಕಾರಣ ಹೊಗೆ. ಟರ್ಪಾಲಿನ ಹಿಂಬದಿ ಪರದೆ ತೆರೆದು ಗಾಡಿ ಓಡಿಸಿದ್ರೆ ಗಾಡಿಯ ಹಿಂದೆ ಗಾಳಿ ಸುಳಿ ಸುತ್ತಿ ಸೈಲೆನ್ಸರಿನ ಹೊಗೆಯನ್ನು ಒಳಗೆ ಎಳೀತದೆ. ಹಳೇ ಡೀಸೆಲ್ ಬೇರೆ. ಡಬಲ್ ಕ್ಯಾಬ್ ಇಟ್ಟುಕೊಂಡು ನಾಯಿಯನ್ನು ಹೊಗೆಗೆ ಕೂರಿಸುದು ಯಾಕೆ? ಹಿಂದಿನ ಸೀಟಿಗೆ ಹಳೇ ಬೆಡ್‌ಶೀಟನ್ನು ಎದುರು ಸೀಟಿನಿಂದ ಹಿಂದಿನ ಸೀಟಿಗೆ ತೊಟ್ಟಿಲ ಹಾಗೆ ಕಟ್ಟಿ, ಎದೆಗೆ ಹಾಕುವ ಹಾರ್ನೆಸ್ ಹಾಕಿ, ಗಿಡ್ಡ ಬೆಲ್ಟಿನಲ್ಲಿ ಸೀಟ್‌ಬೆಲ್ಟಿನ ಬೋಲ್ಟಿಗೆ ಸಿಕ್ಕಿಸಿ. ಹೊರಡುವ ಮೊದಲು ಹೊಟ್ಟೆ ತುಂಬ ಹಾಕಬೇಡಿ. ವಾಂತಿ ಮಾಡುವ ನಾಯಿಗೆ ಖಾಲಿ ಹೊಟ್ಟೆ ಒಳ್ಳೇದು.

ಮತ್ತೆ ಹೋಟೆಲಿನ ಎದುರು ನಿಲ್ಲಿಸಿ ಗ್ಲಾಸು ಒಂದಿಂಚು ಇಳಿಸಿ "ಈಗ ಬಂದೆ" ಅಂತ ಹೋಗಬೇಡಿ. ಬಿಸಿಲಲ್ಲಿ ನಿಂತ ಕ್ಯಾಬಿನಿನ ಒಳಗೆ ಹತ್ತು ನಿಮಿಷದಲ್ಲಿ ಹತ್ತು ಡಿಗ್ರಿ ಏರ್ತದೆ. ಆಗ ನಾಯಿಗೆ ಬಾಯಿ ತೆರೆದು ಏದುಸಿರು ಬಿಡುದು ಒಂದೇ ದಾರಿ, ಬೆವರಿ ತಣಿಯಲಿಕ್ಕೆ ಆಗುದಿಲ್ಲ.

ಬಂದಡ್ಕ ಬೆಟ್ಟ
ಸರಿ ಅಕ್ಕ, ಹೊಗೆ ವಿಷಯ ಗೊತ್ತಿರ್ಲಿಲ್ಲ. ನಮ್ಮ ಜೀಪಿಗೆ ಟಾಪೇ ಇಲ್ಲ, ಹಾಗಾಗಿ ಟೈಗರ್ ಬದುಕಿದ್ದಾನೆ.

ಅಕ್ಕಲಕೋಟ ಗೌಡ
ಅಕ್ಕಲಕೋಟದಿಂದ ನಮಸ್ಕಾರ್ರಿ ಎಲ್ಲಾರ್ಗೂ. ನಿಮ್ಮ ಕಡೆ ಮಳಿ ಚಿಂತಿ, ನಮ್ಮ ಕಡೆ ಬಿಸಲಿಂದು. ಮೇ ತಿಂಗಳದಾಗ ಸೊಲ್ಲಾಪುರ ಕಡೆ ನಲವತ್ತಮೂರು ಡಿಗ್ರಿ ಮುಟ್ಟತೈತ್ರಿ. ನಮ್ಮದು ಹಳೇ ಟಾಟಾ 207, ಮುಧೋಳ ನಾಯಿ ಐತಿ. ಬ್ಯಾಸಿಗಿಯೊಳಗ ನಾವು ಹಗಲೊತ್ತು ಗಾಡಿ ಹೊಡಿಯಂಗೇ ಇಲ್ಲ, ನಸಿಕಿನ್ಯಾಗ ನಾಲ್ಕಕ್ಕ ಬಿಟ್ಟು ಒಂಬತ್ತರೊಳಗ ಗಿಡದ ನೆಳ್ಳಿಗಿ ಸೇರ್ತೀವಿ. ಟಾಪಿನ ಮ್ಯಾಲ ಗೋಣಿಚೀಲ ತೋಯ್ಸಿ ಹಾಸಿದ್ರ ಕೆಳಗ ತಂಪಿರ್ತೈತಿ. ಡಾಂಬರ ಮ್ಯಾಲ ನಿಮ್ಮ ಅಂಗೈ ಇಟ್ಟು ನೋಡ್ರಿ, ಐದು ಎಣಸೂದ್ರೊಳಗ ಸುಟ್ರ ನಾಯೀನ ಇಳಸಬ್ಯಾಡ್ರಿ.

ಹಾಲಿನ ಸೊಸೈಟಿ
ಗೌಡ್ರೆ, ಗೋಣಿ ಒದ್ದೆ ಮಾಡುದು ನಿಮ್ಮ ಒಣ ಹವೆಗೆ ಸರಿ. ನಮ್ಮ ಕಡೆ ಮೇಯಲ್ಲಿ ಗಾಳಿಯೇ ಒದ್ದೆ, ಗೋಣಿ ಒಣಗುದೇ ಇಲ್ಲ, ತಂಪೂ ಆಗುದಿಲ್ಲ.

ಅಕ್ಕಲಕೋಟ ಗೌಡ
ಹೌದ್ರಿ, ಅದೂ ಖರೇನ.

ವೋಲ್ಟೇಜ್ ಡ್ರಾಪ್
ಕರೆಂಟಿಗೆ ಬರ್ತೇನೆ. ನಿಮಗೆ ಬೇಕಾದ್ದು ಎಂತ? ಒಂದು 12 ವೋಲ್ಟ್ ಫ್ಯಾನು, ಎರಡು ಎಲ್‌ಇಡಿ, ಫೋನ್ ಚಾರ್ಜು. ಫ್ಯಾನಿಗೆ ಒಂದು ಆಂಪಿಯರ್ ಅಂತ ಹಿಡಿದ್ರೆ ರಾತ್ರಿ ಎಂಟು ಗಂಟೆಗೆ ಎಂಟು ಆಂಪಿಯರ್ ಅವರ್. ಇಷ್ಟಕ್ಕೆ ಗಾಡಿಯ ಸ್ಟಾರ್ಟಿಂಗ್ ಬ್ಯಾಟರಿ ಮುಟ್ಟಬೇಡಿ, ಬೆಳಿಗ್ಗೆ ತಳ್ಳಲಿಕ್ಕೆ ನಾಯಿ ಬರ್ಲಿಕ್ಕಿಲ್ಲ. ಬೇರೆ ಒಂದು ಬ್ಯಾಟರಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ, ಮನೆಯಲ್ಲಿ ಚಾರ್ಜ್ ಮಾಡಿ ತನ್ನಿ, ಕಥೆ ಮುಗೀತು.

ಫ್ರಿಡ್ಜ್ ಇಡ್ತೇನೆ ಅಂದ್ರೆ ಲೆಕ್ಕ ಬೇರೆ, ದಿನಕ್ಕೆ ಐವತ್ತು ಆಂಪಿಯರ್ ಅವರ್ ಹತ್ರ ಕುಡೀತದೆ. 100 ಆಂಪಿಯರ್ ಅವರಿನ ಲೆಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ತೆಗೀಬೇಕು, ಇಲ್ಲದಿದ್ರೆ ಬೇಗ ಸಾಯ್ತದೆ. ಅದೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಆದ್ರೆ ಹೆಚ್ಚುಕಡಿಮೆ ಪೂರ್ತಿ ಉಪಯೋಗಕ್ಕೆ ಬರ್ತದೆ, ಭಾರವೂ ಅರ್ಧ. ಆದ್ರೆ ಅದನ್ನು ಗಾಡಿಯ ಡೈನಮೋಗೆ ಸೀದಾ ವಯರ್ ಎಳೀಬಾರದು, ಮಧ್ಯ ಡಿಸಿ ಟು ಡಿಸಿ ಚಾರ್ಜರ್ ಬೇಕು. ಯಾವ ವಯರ್ ಎಳೆದ್ರೂ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ಫ್ಯಾನಿನ ಹತ್ರ ಅಲ್ಲ, ಬ್ಯಾಟರಿ ಹತ್ರ. ಇಲಿ ವಯರ್ ಕಚ್ಚಿದ್ರೆ ಉಳಿಸುದು ಅದೊಂದೇ.

ಉಪ್ಪಳ ಎಕ್ಸ್‌ಪ್ರೆಸ್
ಫ್ರಿಡ್ಜ್ ಎಂತಕ್ಕೆ, ಮೀನಿನ ಥರ್ಮೋಕೋಲ್ ಬಾಕ್ಸ್ ಉಂಟಲ್ಲ. ಐಸು ತುಂಬಿಸಿ ಟೇಪು ಸುತ್ತಿದ್ರೆ ಮರುದಿನ ಸಂಜೆವರೆಗೆ ಚಿಂತೆ ಇಲ್ಲ. ನಾಯಿಗೆ ಕೋಳಿ ಬೇಯಿಸಿ ಒಯ್ಲಿಕ್ಕೂ ಆಯ್ತು.

ಪೆರ್ಲ ಪಿಸ್ಟನ್
ಮಳೆ ಬಂದ್ರೆ ಒಳಗೇ ಗ್ಯಾಸ್ ಸ್ಟವ್ ಇಟ್ಟು ಚಾ ಮಾಡ್ಬಹುದಲ್ಲ?

ವೋಲ್ಟೇಜ್ ಡ್ರಾಪ್
ಟರ್ಪಾಲಿನ ಒಳಗಾ? ಬೆಂಕಿ ಒಂದು ಕಡೆ ಇರ್ಲಿ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಆಗ್ತದೆ ಅಷ್ಟೇ. ಚಾ ಬೇಕಾದ್ರೆ ಕೊಡೆ ಹಿಡಿದು ಹೊರಗೆ ಮಾಡಿ.

ಮುಳ್ಳೇರಿಯ ಮಳೆ
ಜಾಗ ಎಲ್ಲಿ ಅಂತ ಯಾರೂ ಮಾತಾಡ್ಲಿಲ್ಲ. ನಾಯಿ ಇದ್ರೆ ರಾಣಿಪುರಂ ಬೆಟ್ಟ ಲೆಕ್ಕಕ್ಕೆ ಹಿಡೀಬೇಡಿ. ಮೇಲೆ ಅರಣ್ಯದ ಜಾಗ, ಮಳೆಗಾಲದಲ್ಲಿ ಉಂಬುಳು (ಜಿಗಣೆ) ಬೇರೆ, ನಾಯಿಯ ಮೂಗಿನೊಳಗೇ ಹೊಕ್ಕುತ್ತವೆ. ಪೊಸಡಿಗುಂಪೆ ಗುಡ್ಡ ಚಂದ, ಆಕಾಶ ಸ್ವಚ್ಛ ಇದ್ರೆ ಒಂದು ಕಡೆ ಸಮುದ್ರ ಇನ್ನೊಂದು ಕಡೆ ಘಟ್ಟದ ಸಾಲು ಕಾಣ್ತದೆ, ಆದ್ರೆ ರಾತ್ರಿ ಕುಡಿಯುವವರ ಕಾಟ. ನಾನಾದ್ರೆ ನೆಂಟರ ತೋಟ, ಗುಡ್ಡ, ಹೊಳೆಬದಿ ಅಂತ ಕೇಳಿ ಹೋಗ್ತೇನೆ. ಪಯಸ್ವಿನಿ ಹೊಳೆ ಬದಿಯಲ್ಲಿ ತೋಟ ಇರುವ ನೆಂಟರು ಪ್ರತಿಯೊಬ್ಬರಿಗೂ ಒಬ್ಬರಾದ್ರೂ ಇದ್ದೇ ಇರ್ತಾರೆ.

ಕಾರಡ್ಕ, ಮುಳಿಯಾರು ಕಡೆ ಹೋದ್ರೆ ನಾಯಿಯನ್ನು ಗಾಡಿಯ ಅಡಿಯಲ್ಲಿ ಕಟ್ಟಿ ಮಲಗಬೇಡಿ. ಚಿರತೆಗೆ ನಾಯಿಗಿಂತ ಸುಲಭದ ಊಟ ಬೇರೆ ಇಲ್ಲ.

ತಾಳವಾಡಿ ತಮ್ಮ
ಅಣ್ಣೋ, ನಾವು ತಾಳವಾಡಿಯೋರು, ಸತ್ಯಮಂಗಲ ಕಾಡಿನ ಪಕ್ಕ. ಆನೆ ವಿಷ್ಯ ಹೇಳ್ತೀನಿ ಕೇಳಿ. ನಾಯಿ ಕೈ ಬಿಟ್ರೆ ಆನೆ ಹತ್ರ ಹೋಗಿ ಬೊಗುಳತ್ತೆ, ಆನೆ ಅಟ್ಟಿಸ್ಕೊಂಡ್ ಬಂದ್ರೆ ಅದು ಓಡಿ ಬರೋದು ಎಲ್ಲಿಗೆ? ನಿಮ್ ಹತ್ರಕ್ಕೆ. ಹಿಂದೆ ಆನೆ. ಹಲಸಿನಹಣ್ಣು, ಬಾಳೆಗೊನೆ, ಹಿಂಡಿ, ಉಪ್ಪಿನ ಮೂಟೆ ಏನೂ ಗಾಡೀಲಿ ಇಟ್ಕೊಂಡ್ ಮಲಗಬೇಡಿ. ಈ ಕಡೆ ಬರೋದಾದ್ರೆ ದಿಂಬಂ ಘಾಟಿ 27 ಹೇರ್‌ಪಿನ್ನು, ರಾತ್ರಿ ಬಿಡಲ್ಲ, ಬಂಡೀಪುರನೂ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚಿರತ್ತೆ. ಊಟಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬಂದೈತೆ, ಮೊದ್ಲೇ ಮಾಡ್ಸ್ಕೊಳ್ಳಿ. ಸಂಜೆ ಲೇಟಾಗಿ ಬಂದು ಚೆಕ್‌ಪೋಸ್ಟಲ್ಲಿ ಜಗಳ ಆಡೋರ ಪೈಕಿ ಅರ್ಧ ಜನ ಇದು ಗೊತ್ತಿಲ್ದೇ ಬಂದೋರು.

ಬಂದಡ್ಕ ಬೆಟ್ಟ
ಕಾಡಿಗೆ ನಾಯಿ ಬಿಡದೇ ಇರುದು ಸ್ವಲ್ಪ ಅತಿ ಆಯ್ತು ಅಂತ ನನಗೆ ಕಾಣ್ತದೆ. ಊರ ನಾಯಿ ಎಲ್ಲ ಕಾಡಿಗೆ ಹೋಗುದೇ ಅಲ್ವಾ.

ಡಾಕ್ಟ್ರಕ್ಕ
ಹೋಗುದೇ ಸಮಸ್ಯೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹ ಸತ್ತವು, ಪರೀಕ್ಷೆಯಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ ಸಿಕ್ಕಿತು. ನಮ್ಮ ನಾಯಿಗೆ ಲಸಿಕೆ ಹಾಕಿದ್ರೆ ಕಾಡಿಗೂ ಉಪಕಾರ.

@ನೀರ್ಚಾಲಿನವ, ಬೊಳ್ಳುವಿಗೆ ರೇಬೀಸ್ ಲಸಿಕೆ ವರ್ಷ ವರ್ಷ ಹಾಕಿಸ್ತಾ ಇದ್ದೀರಿ ಅಂತ ಭಾವಿಸ್ತೇನೆ. ಅದರೊಟ್ಟಿಗೆ ಡಿಸ್ಟೆಂಪರ್, ಪಾರ್ವೋ, ಲೆಪ್ಟೋ ಸೇರಿದ ಇಂಜೆಕ್ಷನ್ ಕೇಳಿ ಹಾಕಿಸಿ. ಲೆಪ್ಟೋ ಅಂದ್ರೆ ಇಲಿಜ್ವರ, ನಿಂತ ನೀರು ನೆಕ್ಕುವ ನಾಯಿಗೆ ನಮ್ಮ ಕಡೆ ಅದು ತುಂಬ ಮುಖ್ಯ, ಮತ್ತೆ ಅದರಿಂದ ಮನೆಯವರಿಗೂ ಬರಬಹುದು. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಲಸಿಕೆ ಕಾರ್ಡು, ಪಂಚಾಯತಿನ ನಾಯಿ ಲೈಸೆನ್ಸು ಡ್ಯಾಶ್‌ಬೋರ್ಡಿನಲ್ಲಿ ಇರ್ಲಿ. ಉಣುಗಿಗೆ ಮೊದಲೇ ಔಷಧ ಹಾಕಿ, ಮರಳಿ ಬಂದ ಮೇಲೆ ಕಿವಿ ಒಳಗೆ, ಬೆರಳ ಸಂದಿನಲ್ಲಿ ನೋಡಿ. ನೋವಿಗೆ ಅಂತ ಮನುಷ್ಯರ ಮಾತ್ರೆ ಮಾತ್ರ ಕೊಡಬೇಡಿ, ಪ್ಯಾರಸಿಟಮಾಲ್ ಕೂಡ.

ಅಡಿಕೆ ಸೋಗೆ
ಹಾವು ಕಚ್ಚಿದ್ರೆ?

ಡಾಕ್ಟ್ರಕ್ಕ
ನಾಯಿಯನ್ನು ನಡೆಸಬೇಡಿ, ಎತ್ತಿಕೊಂಡು ಗಾಡಿ ಹತ್ತಿಸಿ ಆಸ್ಪತ್ರೆಗೆ. ಕತ್ತರಿಸುದು, ಗಟ್ಟಿ ಕಟ್ಟುದು ಎಂತದೂ ಬೇಡ. ನಮ್ಮ ದೇಶದಲ್ಲಿ ಸಿಗುವ ಆಂಟಿವೆನಮ್ ನಾಗರ, ಕಟ್ಟಹಾವು, ಕನ್ನಡಿ ಹಾವು, ಗರಗಸ ಮಂಡಲ ಈ ನಾಲ್ಕಕ್ಕೆ. ಘಟ್ಟದ ಬುಡದ ತರಗೆಲೆಯಲ್ಲಿ ಮಲಗುವ ಉಬ್ಬು ಮೂಗಿನ ಮಂಡಲಕ್ಕೆ ಅದು ಕೆಲಸ ಮಾಡುದಿಲ್ಲ. ಹಾಗಾಗಿ ರಾತ್ರಿ ಉಚ್ಚೆಗೆ ಬಿಡುವಾಗ ಟಾರ್ಚು ಮುಂದೆ, ನಾಯಿ ಹಿಂದೆ, ಹಗ್ಗ ಕೈಯಲ್ಲಿ.

ಎಪ್ಪತ್ತರ ಮಾವ
ಇಷ್ಟೆಲ್ಲ ಓದಿದ ಮೇಲೆ ಮನೆಯ ಮಂಚವೇ ಒಳ್ಳೇದು ಅಂತ ನನ್ನ ಮೊದಲಿನ ಮಾತಿಗೆ ನಾನು ಬದ್ಧ.

ತಲಪಾಡಿ ಟೋಲ್
ಅಡಿಕೆಗೆ ಈಗ ರೇಟು ಎಷ್ಟಾಗಿದೆ ಮಾರ್ರೆ? ಇಷ್ಟು ಜನ ತೋಟದವರು ಒಟ್ಟಿಗೆ ಸಿಕ್ಕಿದ್ದೀರಿ ಅಂತ ಕೇಳಿದ್ದು.

ಅಡಿಕೆ ಸೋಗೆ
ರೇಟು ಚೆನ್ನಾಗಿದ್ರೆ ನಾವು ಹೋಟೆಲಿನಲ್ಲಿ ರೂಮು ಮಾಡ್ತಿದ್ದೆವು.

ನೀರ್ಚಾಲಿನವ
ಹೀಗೆ ತೀರ್ಮಾನ ಮಾಡಿದ್ದೇನೆ. ಪೈಪಿನ ಕಮಾನು ಬೋಲ್ಟಿನದ್ದು, ಬಾಡಿ ಬದಿಯ ಹಗ್ಗದ ಕೊಕ್ಕೆಗೆ ಕಟ್ಟುದು, ಗಾಡಿಗೆ ಒಂದು ತೂತೂ ಹೊಡೆಯುದಿಲ್ಲ. ಸಲಾಕೆ ಮಂಚ ಅಪ್ಪನೇ ಮಾಡಿ ಕೊಡ್ತೇನೆ ಅಂದ್ರು, ಗಾಡಿ ಮಾರುದಿಲ್ಲ ಅಂತ ಖಾತ್ರಿ ಆದ ಮೇಲೆ ಅವರಿಗೇ ಹೆಚ್ಚು ಉಮೇದು. ತೊಳೆದು ಆಯ್ತು, ಎಡಬದಿಯ ಮೂಲೆಯಲ್ಲಿ ಸ್ಕ್ರೂಡ್ರೈವರ್ ಸೀದಾ ಒಳಗೆ ಹೋಯ್ತು, ಅಂಗೈಯಷ್ಟು ಜಾಗ, ಪ್ಯಾಚಿಗೆ ಕೊಟ್ಟಿದ್ದೇನೆ. ಪ್ಲೇಟು ಬಿಚ್ಚಿಸಿ ಗ್ರೀಸ್ ಮಾಡುದು ಅದರೊಟ್ಟಿಗೆ. ಫ್ರಿಡ್ಜ್ ಇಲ್ಲ. ಬೊಳ್ಳು ಓಡುವಾಗ ಕ್ಯಾಬಿನಲ್ಲಿ, ಮಲಗುವಾಗ ನಮ್ಮ ಕಾಲ ಬುಡದಲ್ಲಿ. ಹಾರ್ನೆಸ್ ಹಾಕಿ ಅಂಗಳದಲ್ಲಿ ಗಾಡಿ ಸ್ಟಾರ್ಟ್ ಮಾಡಿ ಕೂರಿಸಿದೆ, ಮೊದಲು ನಡುಗಿದ, ಬಿಸ್ಕೆಟು ಕೊಟ್ಟ ಮೇಲೆ ಇಳಿಯಲಿಕ್ಕೇ ಕೇಳ್ಲಿಲ್ಲ. ಮೊದಲ ಸಲ ದೂರ ಎಲ್ಲಿಗೂ ಇಲ್ಲ, ಅಡೂರಿನಲ್ಲಿ ಚಿಕ್ಕಮ್ಮನ ಮನೆ ತೋಟ. ಏನಾದ್ರೂ ಮರೆತಿದ್ರೆ ಅವರ ಮನೆಯಲ್ಲೇ ಕೇಳಬಹುದು.

ಪ್ಲೇಟು ಭಾವ
ಪ್ಲೇಟು ಬಿಚ್ಚಿಸ್ತೀರಿ ಅಂತಾದ್ರೆ ಅಲ್ಲೇ ಒಂದು ತೆಗೆದು ಇಡ್ಲಿಕ್ಕೆ ಹೇಳಿ. ಒಂದೇ ಒಂದು.

ಗ್ರೀಸ್ ಗನ್
ಭಾವ, ಬಿಡಿ.

ಹಾಲಿನ ಸೊಸೈಟಿ
ಮ್ಯಾಟು ತೆಗೆಯುವ ಮೊದಲು ಚಕ್ರದ ಉಬ್ಬುಗಳ ನಡುವಿನ ಅಗಲ ಅಳೆದು ಹೋಗಿ. ಅಂಗಡಿಯಲ್ಲಿ ಕತ್ತರಿಸಿ ಕೊಡುದಿಲ್ಲ, ಮನೆಯಲ್ಲಿ ಕತ್ತರಿಸುದಾದ್ರೆ ಬ್ಲೇಡಿಗೆ ಸೋಪುನೀರು ಹಚ್ಚಿ, ಇಲ್ಲದಿದ್ರೆ ಅರ್ಧದಲ್ಲಿ ಹಿಡಿದು ನಿಲ್ತದೆ.

ಕುಂಬಳೆ ಕಡಲು
ನಾಯಿಯ ಫೋಟೋ ಇನ್ನೂ ಬರ್ಲಿಲ್ಲ.